ಆರೂವರೆ ಮಿಲಿಮೀಟರಿನ ಜಗಳ

.260 ರೆಮಿಂಗ್ಟನ್ನೋ, 6.5 ಕ್ರೀಡ್‌ಮೋರೋ? ಅಮೆರಿಕದಲ್ಲಿ ಸಾವಿರ ಗಜ ದೂರದ ತಗಡಿಗೆ ಗುಂಡು ಹೊಡೆಯೋ ಹವ್ಯಾಸ ಇರೋರನ್ನ ಈ ಪ್ರಶ್ನೆ ಕೇಳಿ ನೋಡಿ. ಊಟ ಬಿಟ್ಟು ವಾದಕ್ಕೆ ಕೂರ್ತಾರೆ. ಬರಹ ಮೇಲೋ ನುಡಿ ಮೇಲೋ ಅಂತ ನಾವೆಲ್ಲ ಒಂದು ಕಾಲದಲ್ಲಿ ಕಿತ್ತಾಡಿದ್ವಲ್ಲ, ಥೇಟ್ ಹಂಗೇ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಹೊಸದಾಗಿ ಕೊಳ್ಳೋರು ಕಣ್ಣು ಮುಚ್ಚಿ ಕ್ರೀಡ್‌ಮೋರ್ ತಗೊಳ್ಳಿ. ಅದು ಹೆಚ್ಚು ಚೆನ್ನಾಗಿದೆ ಅಂತಲ್ಲ. ಎರಡೂ ಒಂದೇ ಅಂತ.

ಕನ್ನಡ ಬ್ಲಾಗಲ್ಲಿ ಇದೇನು ಕೋವಿ ಪುರಾಣ ಅನ್ನಬೇಡಿ. ಮಲೆನಾಡಿನವರಿಗೆ ಕೇಪಿನ ಕೋವಿ, ತೋಟಾ ಕೋವಿ, ಚುನಾವಣೆ ಬಂದ ಕೂಡಲೇ ಅದನ್ನ ಹೊತ್ತುಕೊಂಡು ಸ್ಟೇಷನ್ನಿಗೆ ಹೋಗಿ ಇಟ್ಟುಬರೋ ಕರ್ಮ, ಯಾವುದೂ ಹೊಸದಲ್ಲ. ಇಲ್ಲಿ ನನ್ನ ಹತ್ರ ಕೋವಿ ಇಲ್ಲ. ಎಚ್-1ಬಿ ವೀಸಾದವರು, ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಕೋವಿ ಮುಟ್ಟೋ ಹಾಗೂ ಇಲ್ಲ. ನನ್ನ ಟೀಮಿನ ಟೆಕ್ಸಾಸ್ ಹುಡುಗನೊಬ್ಬ ಶನಿವಾರ ರೇಂಜಿಗೆ ಹೊರಟರೆ ನಾನು ಜೊತೆಗೆ ಹೋಗ್ತೀನಿ. ದುರ್ಬೀನಿನಲ್ಲಿ ನೋಡಿ ಗುಂಡು ಎಲ್ಲಿ ಬಿತ್ತು ಅಂತ ಹೇಳೋದಷ್ಟೇ ನನ್ನ ಕೆಲಸ. ಸದ್ಯ ಅವನು .308 ಹೊಡೀತಾನೆ. ಹೊಸ ರೈಫಲ್ಲಿಗೆ ಅಂತ ಒಂದು ವರ್ಷದಿಂದ ದುಡ್ಡು ಕೂಡಿಡ್ತಿದ್ದಾನೆ, ಜೊತೆಗೆ ಎರಡು ತಿಂಗಳಿಂದ ಒಂದು ಎಕ್ಸೆಲ್ ಶೀಟು. ಆ ಶೀಟು ನೋಡಿದ ಮೇಲೇ ಇದನ್ನ ಬರೀಬೇಕು ಅನ್ನಿಸಿದ್ದು.

ಸ್ವಲ್ಪ ಹಿನ್ನೆಲೆ. .308 ವಿಂಚೆಸ್ಟರ್ 1952ರದ್ದು. ಅದರ ಕೇಸಿನ ಕತ್ತನ್ನ ಕಿರಿದು ಮಾಡಿ ಸಣ್ಣ ಗುಂಡು ಕೂರಿಸಿ 1997ರಲ್ಲಿ ರೆಮಿಂಗ್ಟನ್ ಕಂಪನಿ .260 ಬಿಟ್ಟಿತು. ಹತ್ತು ವರ್ಷ ಬಿಟ್ಟು, 2007ರಲ್ಲಿ, ಹಾರ್ನಡಿ ಕಂಪನಿ 6.5 ಕ್ರೀಡ್‌ಮೋರ್ ತಂತು. ಎರಡರಲ್ಲೂ ಕೂರೋದು ಅದೇ .264 ಇಂಚಿನ ಗುಂಡು, ಅಂದ್ರೆ 6.7 ಮಿಲಿಮೀಟರ್. ಹೆಸರು ಮಾತ್ರ ಒಂದಕ್ಕೆ .260, ಇನ್ನೊಂದಕ್ಕೆ 6.5! ವೇರಿಯಬಲ್ಲಿಗೆ ಸರಿಯಾಗಿ ಹೆಸರಿಡೋಕೆ ಬರದೇ ಇರೋದು ನಮ್ಮ ಫೀಲ್ಡಿನವರಿಗೆ ಮಾತ್ರ ಅಲ್ಲ :-)

.308 ಬಿಟ್ಟು ಇವುಗಳ ಕಡೆ ಬರೋದಕ್ಕೆ ನಿಜವಾದ ಕಾರಣ ಇದೆ, ಅದನ್ನ ಒಪ್ತೀನಿ. ಉದ್ದಕ್ಕೆ, ತೆಳ್ಳಗೆ ಇರೋ ಗುಂಡು ಗಾಳಿಯನ್ನ ಚೆನ್ನಾಗಿ ಸೀಳುತ್ತೆ. ಗಂಟೆಗೆ 10 ಮೈಲಿಯ ಅಡ್ಡಗಾಳಿ ಇದ್ದರೆ ಸಾವಿರ ಗಜದಲ್ಲಿ .308ರ 175 ಗ್ರೇನ್ ಗುಂಡು ಹತ್ತಿರ ಹತ್ತಿರ 100 ಇಂಚು ಪಕ್ಕಕ್ಕೆ ಹೋಗುತ್ತೆ. ಕ್ರೀಡ್‌ಮೋರಿನ 140 ಗ್ರೇನ್ ಗುಂಡು 70ರ ಆಸುಪಾಸು. ಹೆಗಲಿಗೆ ಒದೆಯೋದೂ ಕಮ್ಮಿ. ಇದಕ್ಕೆ ಕೊಡೋ ಬೆಲೆ ಬ್ಯಾರಲ್ ಸವೆತ: .308 ಬ್ಯಾರಲ್ ಐದು ಸಾವಿರ ಗುಂಡು ತಾಳಿದ್ರೆ ಇದು ಎರಡೂವರೆ ಮೂರು ಸಾವಿರಕ್ಕೆ ಸುಸ್ತು.

ಆದ್ರೆ .260 ಮತ್ತು ಕ್ರೀಡ್‌ಮೋರ್ ನಡುವೆ? .260 ಕೇಸಿನಲ್ಲಿ ಮದ್ದು ಒಂಚೂರು ಹೆಚ್ಚು ಹಿಡಿಸುತ್ತೆ. ಅದರಿಂದ ಸೆಕೆಂಡಿಗೆ 50 ಅಡಿ ವೇಗ ಜಾಸ್ತಿ ಸಿಕ್ಕಿತು ಅಂತಿಟ್ಟುಕೊಳ್ಳಿ. ಸಾವಿರ ಗಜದಲ್ಲಿ ಗಾಳಿಯ ಲೆಕ್ಕಕ್ಕೆ ಅದು ಒಂದೆರಡು ಇಂಚು. ಈಗ ಹೊಡೆಯೋನು ಗಾಳಿಯನ್ನ ಗಂಟೆಗೆ ಬರೀ 2 ಮೈಲಿಯಷ್ಟು ತಪ್ಪಾಗಿ ಅಂದಾಜು ಮಾಡಿದ ಅನ್ನಿ. ಗುಂಡು 14 ಇಂಚು ಪಕ್ಕಕ್ಕೆ! ತಗಡಿನ ಅಗಲ 18 ಇಂಚು, ಮಧ್ಯಕ್ಕೆ ಗುರಿ ಇಟ್ಟರೆ ಅತ್ತ ಒಂಬತ್ತು ಇತ್ತ ಒಂಬತ್ತು. ಅಂದ್ರೆ ಗುಂಡು ಹೊರಗೆ. ದುರ್ಬೀನಿನಲ್ಲಿ ನಾನು ನೋಡೋದು ಇದನ್ನೇ: ತಗಡಿನ ಪಕ್ಕದ ಮಣ್ಣಲ್ಲಿ ಧೂಳು ಏಳುತ್ತೆ. 2 ಮೈಲಿ ಗಾಳಿ ಅಂದ್ರೆ ಏನು ಗೊತ್ತಾ? ಕೆನ್ನೆಗೆ ತಾಗೋದೂ ಸರಿಯಾಗಿ ಗೊತ್ತಾಗಲ್ಲ. ಆ ಎಕ್ಸೆಲ್ ಶೀಟಿನಲ್ಲಿ ಎರಡು ಇಂಚಿಗೆ ಹನ್ನೊಂದು ಕಾಲಮ್ಮು ಇವೆ, 14 ಇಂಚಿಗೆ ಒಂದೂ ಇಲ್ಲ. ಪ್ರೊಫೈಲರ್ ಓಡಿಸದೇ ಕೋಡ್ ಆಪ್ಟಿಮೈಸ್ ಮಾಡೋರ ಕಥೆ ಇದು.

ಹಾಗಾದ್ರೆ ಹತ್ತು ವರ್ಷ ಮುಂಚೆ ಬಂದ .260 ಯಾಕೆ ಹಿಂದೆ ಬಿತ್ತು? ನನಗೆ ಇದೇ ಎಲ್ಲಕ್ಕಿಂತ ಸ್ವಾರಸ್ಯದ ಭಾಗ. .260 ಕೇಸು ಸುಮಾರು 51 ಮಿಲಿಮೀಟರ್ ಉದ್ದ. ಚಿಕ್ಕ ಮ್ಯಾಗಜೀನಿನಲ್ಲಿ ಜಾಗ 2.8 ಇಂಚು ಮಾತ್ರ. ಉದ್ದದ ಗುಂಡು ಕೂರಿಸಬೇಕಂದ್ರೆ ಅದರ ಬುಡವನ್ನ ಮದ್ದಿನೊಳಗೆ ಆಳಕ್ಕೆ ತಳ್ಳಬೇಕು. ಸಾಲದ್ದಕ್ಕೆ ರೆಮಿಂಗ್ಟನ್ ತನ್ನದೇ ರೈಫಲ್ಲಿಗೆ 9 ಇಂಚಿಗೊಂದು ಸುತ್ತಿನ ಬ್ಯಾರಲ್ ಹಾಕಿತು, ಉದ್ದದ ಗುಂಡಿಗೆ 8 ಇಂಚಿಗೊಂದು ಸುತ್ತು ಬೇಕು. ಹಾರ್ನಡಿಯವರು ಕೇಸನ್ನೇ 2 ಮಿಲಿಮೀಟರಿಗೂ ಹೆಚ್ಚು ಗಿಡ್ಡ ಮಾಡಿದರು, ಸುತ್ತು 8 ಅಂತ ಮೊದಲೇ ನಿಗದಿ ಮಾಡಿದರು, ಒಳಗೆ ಯಾವ ಮದ್ದು ಎಷ್ಟು ಹಾಕಿದ್ದೇವೆ ಅಂತ ಡಬ್ಬದ ಮೇಲೇ ಅಚ್ಚು ಹಾಕಿದರು! ಡಾಕ್ಯುಮೆಂಟೇಶನ್ ಕೊಟ್ಟವನು ಗೆದ್ದ. ಅಮೆರಿಕದ ವಿಶೇಷ ಪಡೆಗಳ ಕಮಾಂಡ್ ಕೂಡ 2017ರಲ್ಲಿ ಎರಡನ್ನೂ ಪರೀಕ್ಷಿಸಿತು. ಎರಡೂ ಹೆಚ್ಚುಕಮ್ಮಿ ಒಂದೇ ಅಂತ ಬಂದರೂ ಆರಿಸಿದ್ದು ಕ್ರೀಡ್‌ಮೋರನ್ನ. ಪೇಟೆ ಯಾವ ಕಡೆ ವಾಲಿದೆ ಅನ್ನೋದೂ ಅದಕ್ಕೆ ಒಂದು ಕಾರಣ.

ಪೇಟೆಯ ಮಾತು ಹಗುರ ಅಲ್ಲ. 2020-21ರಲ್ಲಿ ಇಲ್ಲಿನ ಅಂಗಡಿಗಳಲ್ಲಿ ತೋಟಾಕ್ಕೆ ಬರ ಬಂದಿತ್ತು. ಅಂಥ ಹೊತ್ತಲ್ಲಿ ಹೆಚ್ಚು ಜನ ಕೊಳ್ಳೋ ತೋಟಾ ಮೊದಲು ಅಂಗಡಿಗೆ ವಾಪಸ್ ಬರುತ್ತೆ, ಉಳಿದವರು ಬಾಯಿ ಬಾಯಿ ಬಿಡ್ತಾರೆ. ಒಳ್ಳೇ ತೋಟಾ ಒಂದಕ್ಕೆ ಡಾಲರಿಗಿಂತ ಹೆಚ್ಚು. ನಮ್ಮ ಹುಡುಗ .308 ಮಾರದೇ ಇದ್ದು, ಕೂಡಿಟ್ಟ ದುಡ್ಡನ್ನೆಲ್ಲ ತೋಟಾಕ್ಕೇ ಹಾಕಿ ಗಾಳಿ ಓದೋದು ಕಲಿತರೂ ನನಗೆ ಸಂತೋಷವೇ.

ಇದನ್ನ ನಾನು ಇಷ್ಟು ಗಂಭೀರವಾಗಿ ತಗೊಳ್ಳೋಕೆ ಕಾರಣ ಅವನ ಶೀಟಿನ ಕೊನೆಯ ಕಾಲಮ್ಮು: ಜಿಂಕೆ, 800 ಗಜ. ಸಾವಿರ ಗಜ ಮುಟ್ಟೋಕೆ ಗುಂಡಿಗೆ ಒಂದೂವರೆ ಸೆಕೆಂಡು ಬೇಕು, 800ಕ್ಕೆ ಒಂದು ಸೆಕೆಂಡಿಗಿಂತ ಹೆಚ್ಚು. ಅಷ್ಟರಲ್ಲಿ ಜಿಂಕೆ ಒಂದು ಹೆಜ್ಜೆ ಇಟ್ಟರೆ ಎದೆಗೆ ಬೀಳಬೇಕಾದ್ದು ಹೊಟ್ಟೆಗೆ. ತಗಡಿಗೆ ತಪ್ಪಿದರೆ ಧೂಳು ಹಾರುತ್ತೆ, ನಗಬಹುದು. ಹೊಟ್ಟೆಗೆ ಈಡು ತಿಂದ ಪ್ರಾಣಿ ಪೊದೆ ಸೇರಿ ಗಂಟೆಗಟ್ಟಲೆ ನರಳಿ ಸಾಯುತ್ತೆ. ಯಾವ ತೋಟಾ ಹಾಕಿದರೂ ಆ ಒಂದು ಸೆಕೆಂಡು ಕಮ್ಮಿ ಆಗಲ್ಲ. ಆ ಕಾಲಮ್ಮು ತೆಗಿ ಅಂತ ಅವನಿಗೆ ನೇರವಾಗೇ ಹೇಳಿದೀನಿ. ಮುಖ ಊದಿಸಿಕೊಂಡಿದ್ದಾನೆ, ಇರಲಿ.

ನಮ್ಮೂರಲ್ಲಿ ಈ ತಲೆನೋವೇ ಇಲ್ಲ, ಕಾನೂನೇ ಆರಿಸಿ ಕೊಡುತ್ತೆ. ಸೈನ್ಯದ .303 ತೋಟಾ ಜನರ ಕೋವಿಗೆ ಹಿಡಿಸಬಾರದು ಅಂತ ಬ್ರಿಟಿಷರ ಕಾಲದಲ್ಲಿ ಬಂದ .315 ಇವತ್ತಿಗೂ ಉಳಿದಿದೆ. ಈಗಾಗಲೇ .260 ಇಟ್ಟುಕೊಂಡು ತೋಟಾ ತಾವೇ ತುಂಬಿಕೊಳ್ಳೋರು ಮಾತ್ರ ನನ್ನ ಮಾತು ಕೇಳಿ ಅದನ್ನ ಮಾರಬೇಡಿ. ಅದರಲ್ಲಿ ಯಾವ ಐಬೂ ಇಲ್ಲ. ಕೊಡಗಿನವರು ಯಾರಾದ್ರೂ ಓದ್ತಾ ಇದ್ರೆ, ಕೈಲ್‌ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುರಿ ಇಡುವಾಗ ಎಷ್ಟು ದೂರ ನಿಲ್ತೀರಿ, ಗಾಳಿ ಲೆಕ್ಕ ಹಾಕ್ತೀರಾ? ಕಾಮೆಂಟಲ್ಲಿ ಬರೀರಿ.