ಹೊಡೆದ ಕೈ, ಚೆಂಡು ಕೊಟ್ಟ ಕೈ

‘ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ?’ ನಮ್ಮ ಹಿರಿಯರು ಕೇಳುತ್ತಿದ್ದ ಈ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತು. ಆಟದ ಬಯಲಿನಲ್ಲಿ ಹೊಡೆದಾಡಿ, ಅಂಗಿ ಹರಿದುಕೊಂಡು ಮನೆಗೆ ಬಂದ ಮಗನಿಗೆ ಅಪ್ಪ ಹೇಳುವ ಮೊದಲ ಮಾತೂ ಇದೇ. ಮಗ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಾನೆ. ಆದರೆ ಅವನ ಮನಸ್ಸಿನಲ್ಲಿರುವ ಪ್ರಶ್ನೆಯೇ ಬೇರೆ: ‘ಕೊಯ್ದದ್ದಂತೂ ಆಯಿತು. ಇನ್ನು ನಾನೇನು ಮಾಡಲಿ?’ ಅದಕ್ಕೆ ಗಾದೆಯಲ್ಲಿ ಉತ್ತರವಿಲ್ಲ. ಎಷ್ಟೋ ಸಲ ಅಪ್ಪನ ಬಳಿಯೂ ಇರುವುದಿಲ್ಲ.

ಇಂಥ ಪ್ರಶ್ನೆ ಎದುರಾದಾಗಲೆಲ್ಲ ನನಗೆ ಫಿಲಿಪೀನ್ಸ್ ದೇಶದ ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರ ನೆನಪಾಗುತ್ತಾರೆ. ಹೆಸರು ರಾಬರ್ಟ್ ಜಾವೊರ್ಸ್ಕಿ. ನಮ್ಮಲ್ಲಿ ಈ ಹೆಸರು ಕೇಳಿದವರು ಕಡಿಮೆ. ಅವರ ದೇಶದಲ್ಲಿ ಕೇಳದವರು ಕಡಿಮೆ.

ಮೊದಲು ಆ ದೇಶದ ಬ್ಯಾಸ್ಕೆಟ್‌ಬಾಲ್ ಹುಚ್ಚಿನ ಬಗ್ಗೆ ಎರಡು ಮಾತು. ನಮಗೆ ಕ್ರಿಕೆಟ್ ಹೇಗೋ ಫಿಲಿಪೀನ್ಸ್ ಜನಕ್ಕೆ ಬ್ಯಾಸ್ಕೆಟ್‌ಬಾಲ್ ಹಾಗೆ. ಅಮೆರಿಕನ್ನರ ಆಳ್ವಿಕೆಯ ಕಾಲದಲ್ಲಿ, ಇಪ್ಪತ್ತನೇ ಶತಮಾನದ ಆರಂಭದಲ್ಲಿ ಶಾಲೆಗಳ ಮೂಲಕ ಹರಡಿದ ಆಟ ಅದು. ಆಳಿದವರು ಹೋದರು, ಆಟ ಉಳಿಯಿತು. ಮನಿಲಾದ ಇಕ್ಕಟ್ಟಾದ ಗಲ್ಲಿಗಳಲ್ಲೂ ಕಂಬಕ್ಕೋ ಗೋಡೆಗೋ ಒಂದು ಬಳೆ ಸಿಕ್ಕಿಸಿ ಹುಡುಗರು ಚೆಂಡು ಎಸೆಯುತ್ತಾರೆ, ಕಾಲಿಗೆ ಹವಾಯಿ ಚಪ್ಪಲಿ ಇದ್ದರೂ ಸರಿಯೆ! ಎತ್ತರದವರ ಆಟ ಎನಿಸಿಕೊಂಡದ್ದನ್ನು ಅಷ್ಟೇನೂ ಎತ್ತರವಿಲ್ಲದ ಜನ ಮೆಚ್ಚಿ ಅಪ್ಪಿಕೊಂಡರು. 1954ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಫಿಲಿಪೀನ್ಸ್ ಮೂರನೇ ಸ್ಥಾನ ಪಡೆಯಿತೆಂದರೆ ಆ ಹುಚ್ಚು ಬರೀ ಹುಚ್ಚಲ್ಲ ಎಂಬುದು ತಿಳಿಯುತ್ತದೆ.

ಜಾವೊರ್ಸ್ಕಿ ಹುಟ್ಟಿದ್ದು 1946ರ ಮಾರ್ಚ್ 8ರಂದು, ಬಾಗಿಯೊ ಎಂಬ ತಂಪು ಹವೆಯ ಬೆಟ್ಟದೂರಿನಲ್ಲಿ. ತಂದೆ ಪೋಲೆಂಡ್ ಮೂಲದ ಅಮೆರಿಕನ್, ತಾಯಿ ಫಿಲಿಪೀನ್ಸ್‌ನವರು. ಹೆಸರು ವಿಚಿತ್ರವಾಗಿ ಕಾಣುವುದು ಅದಕ್ಕೇ. ಮನಿಲಾದ ಯೂನಿವರ್ಸಿಟಿ ಆಫ್ ದಿ ಈಸ್ಟ್‌ನಲ್ಲಿ ಓದುವಾಗ ಬೇಬಿ ದಲುಪಾನ್ ಎಂಬ ಹೆಸರಾಂತ ತರಬೇತುದಾರರ ಕೈಯಲ್ಲಿ ಪಳಗಿದರು. ಈ ಹೆಸರು ನೆನಪಿಡಿ, ಕಥೆಯ ಕೊನೆಗೆ ಮತ್ತೆ ಬರುತ್ತದೆ. 1967ರಲ್ಲಿ ಏಷ್ಯಾ ಚಾಂಪಿಯನ್ ಆದ ರಾಷ್ಟ್ರೀಯ ತಂಡದಲ್ಲಿ ಜಾವೊರ್ಸ್ಕಿ ಇದ್ದರು. 1968ರಲ್ಲಿ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಆಡಿದಾಗ ಅವರಿಗೆ 22 ವರ್ಷ. ಅಪ್ಪ ಅಮ್ಮ ಹೆಮ್ಮೆಪಡಲು ಇನ್ನೇನು ಬೇಕು?

ಆಗ ಬಂತು 1971. ಜಾವೊರ್ಸ್ಕಿ ವಿದ್ಯುತ್ ಕಂಪೆನಿ ಮೆರಾಲ್ಕೊದ ತಂಡದಲ್ಲಿ ಆಡುತ್ತಿದ್ದರು. ಎದುರಾಳಿ ಕ್ರಿಸ್ಪಾ ತಂಡ. ರೆಫ್ರಿಗಳ ತೀರ್ಪು ತಮಗೆ ವಿರುದ್ಧವಾಗಿದೆ ಎಂದು ರೊಚ್ಚಿಗೆದ್ದ ಜಾವೊರ್ಸ್ಕಿ ಮತ್ತು ಜತೆಗಾರ ಆಲ್ಬರ್ಟೊ ರೆಯ್ನೊಸೊ ಆ ರೆಫ್ರಿಗಳ ಮೇಲೆಯೇ ಕೈ ಮಾಡಿದರು. ಶಿಕ್ಷೆ ಏನು ಗೊತ್ತೆ? ಆಜೀವ ನಿಷೇಧ! 25ನೇ ವಯಸ್ಸಿಗೇ, ಇನ್ನು ಜನ್ಮದಲ್ಲಿ ಅಂಗಳಕ್ಕೆ ಇಳಿಯಬಾರದು ಎಂಬ ತೀರ್ಪು.

ಸಿಟ್ಟು ಎಷ್ಟು ಹೊತ್ತಿನದು? ಕೆಲವು ನಿಮಿಷಗಳದ್ದು. ಅದಕ್ಕೆ ತೆತ್ತ ಬೆಲೆ ನೋಡಿ. ಮರುವರ್ಷ, 1972ರಲ್ಲಿ, ಮ್ಯೂನಿಕ್ ಒಲಿಂಪಿಕ್ಸ್‌ಗೆ ಫಿಲಿಪೀನ್ಸ್ ತಂಡ ಹೋಯಿತು. ಅದರಲ್ಲಿ ಜಾವೊರ್ಸ್ಕಿ ಇರಲಿಲ್ಲ. ‘ಮುಂದಿನ ಸಲ ನೋಡೋಣ’ ಎನ್ನುವಂತೆಯೂ ಇರಲಿಲ್ಲ. ಏಕೆಂದರೆ ಅಲ್ಲಿಂದ 2024ರ ಪ್ಯಾರಿಸ್ ಕೂಟದವರೆಗೆ ಫಿಲಿಪೀನ್ಸ್‌ನ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ಒಲಿಂಪಿಕ್ಸ್ ಪ್ರವೇಶಿಸಿಯೇ ಇಲ್ಲ. ಗಾದೆ ಹೇಳಿದ ಮೂಗು ಇದೇ. ಅದು ಅವರಿಗೆ ಮರಳಿ ಬರಲೇ ಇಲ್ಲ.

ನಿಷೇಧ ಮಾತ್ರ 1973ರಲ್ಲಿ ತೆರವಾಯಿತು. ಆ ವರ್ಷ ಏಷ್ಯಾ ಚಾಂಪಿಯನ್‌ಷಿಪ್ ಮನಿಲಾದಲ್ಲೇ ನಡೆಯುವುದಿತ್ತು, ಆತಿಥೇಯ ದೇಶಕ್ಕೆ ಒಳ್ಳೆಯ ಆಟಗಾರರು ಬೇಕಾಗಿತ್ತು. ಜಾವೊರ್ಸ್ಕಿ ಮರಳಿದರು, ಫಿಲಿಪೀನ್ಸ್ ಚಾಂಪಿಯನ್ ಆಯಿತು. ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅವರ ಬಾಗಿಲು ತೆರೆದದ್ದು ಅವರ ಪ್ರತಿಭೆ ದೇಶಕ್ಕೆ ಅಗತ್ಯವಾಗಿದ್ದರಿಂದ. ಎಲ್ಲ ಹುಡುಗರಿಗೂ ಹೀಗೆ ಅದೃಷ್ಟ ಒಲಿಯುವುದಿಲ್ಲ. ‘ಹೇಗೂ ಕ್ಷಮಿಸುತ್ತಾರೆ ಬಿಡು’ ಎಂಬ ಪಾಠವನ್ನು ಈ ಕಥೆಯಿಂದ ಯಾರೂ ಕಲಿಯಬಾರದು. ಸಿಕ್ಕ ಎರಡನೇ ಅವಕಾಶವನ್ನು ಏನು ಮಾಡಿಕೊಂಡರು ಎನ್ನುವುದಷ್ಟೇ ನಾವು ನೋಡಬೇಕಾದದ್ದು.

1975ರಲ್ಲಿ ಏಷ್ಯಾದ ಮೊದಲ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಮನಿಲಾದಲ್ಲಿ ಹುಟ್ಟಿತು. ಫಿಲಿಪೀನ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್, ಚುಟುಕಾಗಿ ಪಿಬಿಎ. ಅಲ್ಲಿನ ತಂಡಗಳಿಗೆ ಊರಿನ ಹೆಸರಿಲ್ಲ, ಕಂಪೆನಿಯ ಹೆಸರು. ಜಾವೊರ್ಸ್ಕಿ ಸೇರಿದ್ದು ಟೊಯೋಟಾ ತಂಡ. ಆರಡಿ ಒಂದಿಂಚಿನ ಆಳು, ಆಡುತ್ತಿದ್ದುದು ಗಾರ್ಡ್ ಸ್ಥಾನದಲ್ಲಿ. ಚೆಂಡನ್ನು ಮುಂದಕ್ಕೆ ಒಯ್ದು, ಯಾರು ಎಲ್ಲಿದ್ದಾರೆಂದು ನೋಡಿ, ಸರಿಯಾದ ಕೈಗೆ ತಲುಪಿಸುವುದು ಅವರ ಕೆಲಸ. ಅದೇ ತಂಡದಲ್ಲಿ ಅವರಿಗಿಂತ ಏಳು ವರ್ಷ ಚಿಕ್ಕವರಾದ ರಮೋನ್ ಫರ್ನಾಂಡೆಸ್ ಇದ್ದರು. ಉದ್ದನೆಯ ಆಳು, ಬುಟ್ಟಿಯ ಬಳಿ ಚೆಂಡು ಸಿಕ್ಕರೆ ಅಂಕ ಖಂಡಿತ. ಒಬ್ಬರು ಕೊಡುವವರು, ಇನ್ನೊಬ್ಬರು ಹಾಕುವವರು. ಲೀಗ್‌ನ ಮೊಟ್ಟಮೊದಲ ಪ್ರಶಸ್ತಿಯೇ ಟೊಯೋಟಾಕ್ಕೆ ದಕ್ಕಿತು.

ಹಾಗಾದರೆ ಸಿಟ್ಟು ಹೋಯಿತೆ? ಇಲ್ಲ ಸ್ವಾಮಿ, ಹುಟ್ಟುಗುಣ ಅಷ್ಟು ಬೇಗ ಹೋಗುವುದಿಲ್ಲ. 1977ರಲ್ಲಿ ಟೊಯೋಟಾ ಮತ್ತು ಕ್ರಿಸ್ಪಾ ಆಟಗಾರರು ಪಂದ್ಯ ಮುಗಿದ ಮೇಲೆ ಹೊಡೆದಾಡಿಕೊಂಡರು. ಆಗ ದೇಶದಲ್ಲಿ ಮಾರ್ಷಲ್ ಲಾ ಇತ್ತು. ಎರಡೂ ತಂಡಗಳ ಆಟಗಾರರನ್ನು ಹಿಡಿದು ಫೋರ್ಟ್ ಬೊನಿಫಾಸಿಯೊ ಎಂಬ ಸೇನಾ ನೆಲೆಯಲ್ಲಿ ಕೂಡಿಹಾಕಿದರು. ಜಾವೊರ್ಸ್ಕಿ ಅವರಲ್ಲೊಬ್ಬರು! ಮರುವರ್ಷ, 1978ರಲ್ಲಿ, ಅದೇ ಜಾವೊರ್ಸ್ಕಿ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದರು. ಒಂದು ವರ್ಷ ಸೆರೆ, ಮರುವರ್ಷ ಸನ್ಮಾನ. ನಮ್ಮ ಮಕ್ಕಳೂ ಹೀಗೇ ಅಲ್ಲವೆ? ಒಂದು ಸಲ ಬುದ್ಧಿ ಹೇಳಿದೊಡನೆ ತಿದ್ದಿಕೊಳ್ಳುವವರು ಎಷ್ಟು ಜನ?

ನಿಜವಾಗಿ ಕಷ್ಟದ ಜಗಳ ಬಂದದ್ದು ಆಮೇಲೆ. 1983ರ ಋತು ಮುಗಿದ ನಂತರ ಟೊಯೋಟಾ ತಂಡ ಲೀಗ್‌ನಿಂದ ಹೊರಬಿತ್ತು. ಆಟಗಾರರು ಚೆಲ್ಲಾಪಿಲ್ಲಿಯಾದರು. ಜಾವೊರ್ಸ್ಕಿ ಒಂದು ದಿಕ್ಕು, ಫರ್ನಾಂಡೆಸ್ ಇನ್ನೊಂದು ದಿಕ್ಕು. ಒಂದೇ ತಟ್ಟೆಯಲ್ಲಿ ಉಂಡವರಂತಿದ್ದ ಇಬ್ಬರ ನಡುವೆ ಮಾತು ನಿಂತಿತು. ಎದುರಾಳಿಗಳಾಗಿ ಆಡುವಾಗ ಮುಖ ತಿರುಗಿಸಿಕೊಂಡರು. ಇದು ಒಂದು ದಿನ ಎರಡು ದಿನದ್ದಲ್ಲ, ವರ್ಷಗಟ್ಟಲೆ ನಡೆಯಿತು. ಅಭಿಮಾನಿಗಳೂ ಎರಡು ಪಂಗಡವಾದರು.

ಈ ನಡುವೆ ಜಾವೊರ್ಸ್ಕಿ ಜಿನೆಬ್ರಾ ತಂಡದಲ್ಲಿ ಆಟಗಾರರೂ ಹೌದು, ತರಬೇತುದಾರರೂ ಹೌದು ಎಂಬ ಎರಡು ಹೊಣೆ ಹೊತ್ತಿದ್ದರು. 1985ರ ಅಕ್ಟೋಬರ್‌ನಲ್ಲಿ ಒಂದು ಪಂದ್ಯ. ಎದುರಾಳಿಯೊಬ್ಬನ ಮೊಣಕೈ ಬಡಿದು ಅವರ ತುಟಿ ಸೀಳಿತು. ಆಸ್ಪತ್ರೆಗೆ ಒಯ್ದು ಒಂಬತ್ತು ಹೊಲಿಗೆ ಹಾಕಿದರು. ವಯಸ್ಸು 39. ಮನೆಗೆ ಹೋಗಿ ಮಲಗಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ನೇರವಾಗಿ ಕ್ರೀಡಾಂಗಣಕ್ಕೆ ವಾಪಸು ಬಂದರು. ತಂಡ ಬಹಳ ಹಿಂದೆ ಬಿದ್ದಿತ್ತು. ಬಾಯಿಗೆ ಪಟ್ಟಿ ಅಂಟಿಸಿಕೊಂಡು ಅಂಗಳಕ್ಕಿಳಿದ ಹಿರಿಯನನ್ನು ಕಂಡು ಜನ ಎದ್ದು ನಿಂತು ಕೂಗಿದರು. ಜಿನೆಬ್ರಾ ಗೆದ್ದಿತು. ‘ಸೋತೆನೆನ್ನಬೇಡ’ ಎಂಬುದು ಆ ತಂಡದ ಮಂತ್ರವಾದದ್ದು ಇಂಥ ಸಂಜೆಗಳಿಂದ. 1971ರ ಜಾವೊರ್ಸ್ಕಿ ಆಗಿದ್ದರೆ ಏಟಿಗೆ ಏಟು ಎನ್ನುತ್ತಿದ್ದರೋ ಏನೋ! ಈ ಸಲ ಉತ್ತರ ಸ್ಕೋರ್‌ಬೋರ್ಡಿನ ಮೇಲೆ ಬಂತು.

ಈಗ 1989ಕ್ಕೆ ಬನ್ನಿ. ಪಿಬಿಎ ಮೊದಲ ಬಾರಿಗೆ ಆಲ್‌ಸ್ಟಾರ್ ಪಂದ್ಯ ಏರ್ಪಡಿಸಿತು. ಒಂದು ಕಡೆ ಹಿರಿಯರು, ಇನ್ನೊಂದು ಕಡೆ ಕಿರಿಯರು. ಹಿರಿಯರ ತಂಡದಲ್ಲಿ 43ರ ಜಾವೊರ್ಸ್ಕಿ, 35ರ ಫರ್ನಾಂಡೆಸ್, ಇಬ್ಬರೂ ಒಂದೇ ಬಣ್ಣದ ಅಂಗಿ ತೊಟ್ಟಿದ್ದರು. ತರಬೇತುದಾರರು ಯಾರೆಂದುಕೊಂಡಿರಿ? ಬೇಬಿ ದಲುಪಾನ್, ಜಾವೊರ್ಸ್ಕಿಯ ಹಳೆಯ ಗುರು!

ಕೊನೆಯ ಕೆಲವೇ ಸೆಕೆಂಡುಗಳು. ಎರಡೂ ತಂಡಗಳ ಅಂಕ 130. ಗೆರೆಯ ಹೊರಗೆ ಚೆಂಡು ಹಿಡಿದು ನಿಂತವರು ಜಾವೊರ್ಸ್ಕಿ. ಅಂಗಳದಲ್ಲಿ ಇನ್ನೂ ನಾಲ್ವರಿದ್ದಾರೆ. ಚೆಂಡು ಹೋದದ್ದು ಫರ್ನಾಂಡೆಸ್ ಕೈಗೆ. ಐದು ವರ್ಷದಿಂದ ಮಾತಿಲ್ಲದವನ ಕೈಗೆ! ಫರ್ನಾಂಡೆಸ್ ಬುಟ್ಟಿಯ ಕಡೆ ನುಗ್ಗಿ ಅಂಕ ಗಳಿಸಿದರು. 132–130. ಹಿರಿಯರು ಗೆದ್ದರು.

ಅಷ್ಟಕ್ಕೇ ಮುಗಿದಿದ್ದರೆ ಅದು ಬರೀ ಆಟವಾಗುತ್ತಿತ್ತು. ದಲುಪಾನ್ ಇಬ್ಬರನ್ನೂ ಅಂಗಳದ ನಡುವಿಗೆ ಕರೆದು ಕೈ ಕುಲುಕಿಸಿದರು. ಸಾವಿರಾರು ಜನರ ಮುಂದೆ ಇಬ್ಬರೂ ಕೈ ಹಿಡಿದರು. ಮರುವರ್ಷ, 1990ರ ಬೀಜಿಂಗ್ ಏಷ್ಯಾ ಕ್ರೀಡಾಕೂಟಕ್ಕೆ ಫಿಲಿಪೀನ್ಸ್ ಮೊದಲ ಬಾರಿಗೆ ವೃತ್ತಿಪರ ಆಟಗಾರರ ತಂಡ ಕಳಿಸಿತು. ತರಬೇತುದಾರರು ಜಾವೊರ್ಸ್ಕಿ. ತಂಡದಲ್ಲಿ ಫರ್ನಾಂಡೆಸ್ ಇದ್ದರು. ಚೀನಾಕ್ಕೆ ಚಿನ್ನ, ಇವರಿಗೆ ಬೆಳ್ಳಿ. ಕೈ ಕುಲುಕಿದ್ದು ಕ್ಯಾಮೆರಾ ಮುಂದಿನ ನಾಟಕವಾಗಿರಲಿಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. 1991ರ ಫೈನಲ್ ಸರಣಿಯಲ್ಲಿ 1–3ರಿಂದ ಹಿಂದಿದ್ದ ಜಿನೆಬ್ರಾ ಸತತ ಮೂರು ಪಂದ್ಯ ಗೆದ್ದು ಪ್ರಶಸ್ತಿ ಎತ್ತಿತು. 50 ದಾಟಿದ ಮೇಲೂ ಜಾವೊರ್ಸ್ಕಿ ಅಂಗಳಕ್ಕೆ ಇಳಿಯುತ್ತಿದ್ದರು. 1998ರಲ್ಲಿ ಅವರ ದೇಶದ ಜನ ಅವರನ್ನು ಸೆನೆಟರ್ ಆಗಿ ಆರಿಸಿದರು. 2004ರವರೆಗೆ ಆ ಸ್ಥಾನದಲ್ಲಿದ್ದರು. ಒಂದು ಕಾಲದಲ್ಲಿ ನಿಯಮ ಮುರಿದು ಹೊರಹಾಕಿಸಿಕೊಂಡವರು ನಿಯಮ ರೂಪಿಸುವ ಸಭೆಯಲ್ಲಿ ಕುಳಿತರು!

ಪಿಬಿಎ ದಾಖಲೆ ಪುಸ್ತಕದಲ್ಲಿ ಎರಡು ಸಾಲುಗಳಿವೆ. ಲೀಗ್ ಇತಿಹಾಸದಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರು ರಮೋನ್ ಫರ್ನಾಂಡೆಸ್: 18,996. ಅತಿ ಹೆಚ್ಚು ಅಸಿಸ್ಟ್ ಮಾಡಿದವರು ರಾಬರ್ಟ್ ಜಾವೊರ್ಸ್ಕಿ: 5,825. ಯಾರು ಕೊಟ್ಟ ಚೆಂಡಿನಿಂದ ಜತೆಗಾರ ನೇರವಾಗಿ ಬುಟ್ಟಿ ಗಳಿಸುತ್ತಾನೋ ಅವರ ಲೆಕ್ಕಕ್ಕೆ ಬರೆಯುವುದು ಅಸಿಸ್ಟ್. ರೆಫ್ರಿಯನ್ನು ಹೊಡೆದದ್ದೂ ಅದೇ ಕೈ, 5,825 ಸಲ ಬೇರೆಯವರಿಗೆ ಅಂಕ ಕೊಡಿಸಿದ್ದೂ ಅದೇ ಕೈ.

ತಂದೆ ತಾಯಂದಿರಿಗೆ ನನ್ನ ಮನವಿ ಇಷ್ಟೆ. ಮಗ ಜಗಳವಾಡಿ ಬಂದರೆ ಶಿಕ್ಷೆ ಆಗಲಿ. ಜಾವೊರ್ಸ್ಕಿಗೂ ಆಯಿತು, ಒಲಿಂಪಿಕ್ಸೇ ತಪ್ಪಿತು. ತಪ್ಪಿಗೆ ಬೆಲೆ ಇದೆ ಎಂದು ತಿಳಿಯದೆ ಯಾರೂ ದೊಡ್ಡವರಾಗುವುದಿಲ್ಲ. ಆದರೆ ಶಿಕ್ಷೆಯ ಮಾತು ಮುಗಿದ ಮೇಲೆ ‘ನೀನು ಇಷ್ಟೇ ಕಣೋ’ ಎಂಬ ಮಾತು ಮಾತ್ರ ಬಾಯಿಂದ ಬರದಿರಲಿ. ಅದು ಮನೆಯವರೇ ಹಾಕುವ ಆಜೀವ ನಿಷೇಧ. ಅದನ್ನು ತೆರವು ಮಾಡಲು ಹೊರಗಿನಿಂದ ಯಾರೂ ಬರುವುದಿಲ್ಲ.

ಇನ್ನು, ತಲೆ ತಗ್ಗಿಸಿ ನಿಂತಿರುವ ಹುಡುಗನೇ, ನಿನಗೊಂದು ಮಾತು. ನಾಳೆ ಬೆಳಿಗ್ಗೆ ಮೊದಲು ಪಿ.ಟಿ. ಮೇಷ್ಟ್ರ ಹತ್ತಿರ ಹೋಗಿ ತಪ್ಪಾಯಿತು ಎನ್ನು. ಆಮೇಲೆ ಸಂಜೆ ಆಟಕ್ಕೆ ಇಳಿದಾಗ, ಚೆಂಡು ನಿನ್ನ ಕೈಯಲ್ಲಿದ್ದು, ನೀನು ಮಾತು ಬಿಟ್ಟ ಗೆಳೆಯ ಬುಟ್ಟಿಯ ಹತ್ತಿರ ಒಬ್ಬನೇ ನಿಂತಿದ್ದರೆ, ಅವನಿಗೇ ಕೊಡು.