ಅನುದಾನದ ಕಾಲ, ಬೆಳೆಯ ಕಾಲ

ಸಿಂಧನೂರು ತಾಲ್ಲೂಕಿನ ದಢೇಸುಗೂರಿನಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೊಂದಿದೆ. ನವೋದ್ಯಮಗಳಿಗೆ ಸರ್ಕಾರ ನೀಡುವ ಅನುದಾನದ ಬಗ್ಗೆ ಬೆಂಗಳೂರಿನ ಸಭಾಂಗಣಗಳಲ್ಲಿ ಚರ್ಚೆ ನಡೆದಾಗಲೆಲ್ಲ ನನಗೆ ತುಂಗಭದ್ರೆಯ ತೀರದ ಈ ಊರು ನೆನಪಾಗುತ್ತದೆ. ಕಾರಣವಿದೆ.

ಹಣವಿಲ್ಲವೆಂದು ಈಗ ಯಾರೂ ದೂರುವಂತಿಲ್ಲ. ರಾಜ್ಯ ಸರ್ಕಾರ 2017ರಲ್ಲಿ ಆರಂಭಿಸಿದ ‘ಎಲಿವೇಟ್’ ಯೋಜನೆಯಡಿ, ಷೇರು ಬಿಟ್ಟುಕೊಡದೆಯೇ 50 ಲಕ್ಷ ರೂಪಾಯಿವರೆಗೆ ಅನುದಾನ ಪಡೆಯಬಹುದು. ಕಲ್ಯಾಣ ಕರ್ನಾಟಕಕ್ಕೆಂದೇ ಪ್ರತ್ಯೇಕವಾಗಿ ಅರ್ಜಿ ಕರೆದದ್ದೂ ಉಂಟು. ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಲ್ಲಿ ಕೃಷಿ ನವೋದ್ಯಮಗಳಿಗೆ ಕಲ್ಪನೆಯ ಹಂತದಲ್ಲಿ 5 ಲಕ್ಷ, ನಂತರದ ಹಂತದಲ್ಲಿ 25 ಲಕ್ಷ ರೂಪಾಯಿವರೆಗೆ ನೆರವಿನ ಮಿತಿ ಇಡಲಾಯಿತು. ಆದರೆ ಈ ಹಣ ಯಾರ ಕೈಸೇರುತ್ತದೆ?

ಕಳೆದ ವರ್ಷ ಸಿಂಧನೂರು ಕಡೆಯ ಇಬ್ಬರು ಎಂಜಿನಿಯರಿಂಗ್ ಪದವೀಧರರು ಒಂದು ಅರ್ಜಿಯ ಕರಡನ್ನು ಹಿಡಿದು ನನ್ನಲ್ಲಿಗೆ ಬಂದಿದ್ದರು. ಭತ್ತದ ಗದ್ದೆಯಲ್ಲಿ ನಿಂತ ನೀರಿನ ಮಟ್ಟ ಹಾಗೂ ಮಣ್ಣಿನ ಲವಣಾಂಶವನ್ನು ಅಳೆದು ಮೊಬೈಲಿಗೆ ತಿಳಿಸುವ ಪುಟ್ಟ ಸಾಧನ ಅವರದು. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟನ್ನು ಬಲ್ಲವರಿಗೆ ಇದರ ಮಹತ್ವವನ್ನು ವಿವರಿಸಬೇಕಿಲ್ಲ. ನೀರು ಬಸಿದು ಹೋಗಲು ದಾರಿಯಿಲ್ಲದ ಕಪ್ಪು ಮಣ್ಣಿನಲ್ಲಿ ಅಂತರ್ಜಲ ಮೇಲೇರುತ್ತದೆ. ಅದರೊಂದಿಗೆ ಉಪ್ಪೂ ಮೇಲೆ ಬರುತ್ತದೆ. ಹೀಗೆ ಸವಳಾದ ಭೂಮಿಯನ್ನು ಮತ್ತೆ ಸಾಗುವಳಿಗೆ ತರುವುದು ದುಬಾರಿ ಕೆಲಸ.

ಕರಡನ್ನು ಸಿದ್ಧಪಡಿಸಿದವರು ನಗರದ ಒಬ್ಬ ಸಲಹೆಗಾರರು. ಅವರ ಶುಲ್ಕ ಸಣ್ಣದೇನಲ್ಲ. ಇಂಗ್ಲಿಷ್ ಸೊಗಸಾಗಿತ್ತು, ಜಾಗತಿಕ ಮಾರುಕಟ್ಟೆಯ ಗಾತ್ರಕ್ಕೆ ನಾಲ್ಕು ಪುಟ ಮೀಸಲಾಗಿತ್ತು. ಸಾಧನ ಎಷ್ಟು ಗದ್ದೆಗಳಲ್ಲಿ, ಎಷ್ಟು ದಿನ ನಿಂತಿತ್ತು ಎಂಬುದು ಮಾತ್ರ ಎಲ್ಲಿಯೂ ಇರಲಿಲ್ಲ. ಕೇಳಿದಾಗ, ‘ಒಂದು ಗದ್ದೆ, ಹತ್ತೊಂಬತ್ತು ದಿನ’ ಎಂದರು. ಮೇಜಿನ ಈಚೆ ಬದಿಯಲ್ಲಿ ಕುಳಿತು ಇಂತಹ ಕಡತಗಳನ್ನು ಬಹಳಷ್ಟು ಓದಿದವನು ನಾನು. ಹತ್ತೊಂಬತ್ತು ದಿನಗಳ ಅಳತೆಯನ್ನು ಯಾವ ಅಲಂಕಾರವೂ ಮುಚ್ಚಲಾರದು.

ತಪ್ಪು ಹುಡುಗರದಷ್ಟೇ ಅಲ್ಲ. ಕೋರಮಂಗಲದಲ್ಲಿ ಕುಳಿತು ತಂತ್ರಾಂಶ ಬರೆಯುವವನು ಅದನ್ನು ಯಾವ ತಿಂಗಳಲ್ಲಾದರೂ ಪರೀಕ್ಷಿಸಬಲ್ಲ. ಭತ್ತ ಹಾಗಲ್ಲ. ಕಾಲುವೆಗೆ ನೀರು ಬಿಟ್ಟ ಮೇಲೆ ಜುಲೈ–ಆಗಸ್ಟ್‌ನಲ್ಲಿ ನಾಟಿ, ವರ್ಷದ ಕೊನೆಗೆ ಕೊಯ್ಲು. ಅರ್ಜಿ ಆಹ್ವಾನ, ಸಂದರ್ಶನ, ಮಂಜೂರಾತಿ, ಒಪ್ಪಂದ ಎಲ್ಲ ಮುಗಿದು ಮೊದಲ ಕಂತು ಅಕ್ಟೋಬರ್‌ನಲ್ಲಿ ಬಂದರೆ ಆ ಹಂಗಾಮು ಕೈಬಿಟ್ಟಂತೆಯೇ. ಬೇಸಿಗೆ ಬೆಳೆಯನ್ನು ನೆಚ್ಚಿಕೊಳ್ಳೋಣವೆಂದರೆ ಅದು ಜಲಾಶಯದ ಮರ್ಜಿ. 2023ರ ಬರದಲ್ಲಿ ಎರಡನೇ ಬೆಳೆಗೆ ನೀರೇ ಸಿಗಲಿಲ್ಲ. ಆ ವರ್ಷ ಪ್ರಗತಿ ವರದಿ ಸಲ್ಲಿಸಬೇಕಿದ್ದವರು ಏನನ್ನು ಬರೆಯಬೇಕಿತ್ತು?

ಅಮೆರಿಕವು 1982ರಲ್ಲಿ ಸಣ್ಣ ಕಂಪನಿಗಳ ಸಂಶೋಧನೆಗೆ ಅನುದಾನ ನೀಡುವ ಕಾರ್ಯಕ್ರಮವನ್ನು ಕಾಯ್ದೆಯ ಮೂಲಕವೇ ಜಾರಿಗೆ ತಂದಿತು. ಮೊದಲ ಬಾರಿ ಅರ್ಜಿ ಹಾಕುವವರಿಗೆ ಉಚಿತವಾಗಿ ಅರ್ಜಿ ಬರೆಯಲು ನೆರವಾಗುವ ವ್ಯವಸ್ಥೆಯನ್ನು ಅಲ್ಲಿನ ಇಂಧನ ಇಲಾಖೆ ನಂತರ ರೂಪಿಸಿತು. ಒಳ್ಳೆಯದೇ. ಆದರೆ ನಮ್ಮ ಹುಡುಗರಿಗೆ ಬೇಕಿರುವುದು ಬರವಣಿಗೆಯ ನೆರವಿಗಿಂತ ಮೊದಲು ನೆಲ ಮತ್ತು ಅಳತೆ.

ದಢೇಸುಗೂರಿನಂತಹ ಕೇಂದ್ರಗಳು ಒಂದೆರಡು ಎಕರೆಯನ್ನು ಹೊಸ ಕಂಪನಿಗಳಿಗೆ ಎರಡು ಹಂಗಾಮಿನ ಮಟ್ಟಿಗೆ ಬಿಟ್ಟುಕೊಡಲಿ. ವಿಜ್ಞಾನಿಯೊಬ್ಬರು ಅಳತೆಯ ದಾಖಲೆಗೆ, ವಿಫಲವಾದದ್ದನ್ನೂ ಸೇರಿಸಿ, ಸಹಿ ಹಾಕಲಿ. ಬೆಂಗಳೂರಿನ ಆಯ್ಕೆ ಸಮಿತಿಯ ಮುಂದೆ ಆ ಒಂದು ಹಾಳೆ ಸಲಹೆಗಾರರ ನಾಲ್ಕು ಪುಟಗಳಿಗಿಂತ ತೂಕದ್ದು. ವಿಜ್ಞಾನಿಗಳಿಗೆ ಈಗಿರುವ ಕೆಲಸವೇ ಸಾಕಷ್ಟಿದೆ ಎಂಬ ಆಕ್ಷೇಪ ಬಂದೇ ಬರುತ್ತದೆ, ಅದು ನ್ಯಾಯವೂ ಹೌದು. ಆದ್ದರಿಂದ ಈ ಸೇವೆಗೆ ಹಣ ಕೊಡಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ಬಜೆಟ್‌ನಲ್ಲಿ ಘೋಷಿಸಿದ್ದು 5,000 ಕೋಟಿ ರೂಪಾಯಿ; ಅದರಲ್ಲಿ ಇದಕ್ಕೆ ಬೇಕಾಗುವುದು ಲೆಕ್ಕಕ್ಕೂ ಸಿಗದಷ್ಟು ಚಿಕ್ಕ ಮೊತ್ತ. ಜೊತೆಗೆ, ಕೃಷಿ ತಂತ್ರಜ್ಞಾನದ ಅನುದಾನದ ಮೊದಲ ಕಂತು ಮೇ ತಿಂಗಳೊಳಗೆ ತಲುಪಬೇಕು, ಗುರಿಗಳನ್ನು ತಿಂಗಳುಗಳ ಬದಲು ಹಂಗಾಮುಗಳಲ್ಲಿ ಎಣಿಸಬೇಕು. ಆರ್ಥಿಕ ವರ್ಷವನ್ನು ಬಿಟ್ಟು ಬೇರೆ ಪಂಚಾಂಗವನ್ನೇ ಅರಿಯದ ನಮ್ಮ ಹಣಕಾಸು ಇಲಾಖೆಗಳಿಗೆ ಇದು ಕಷ್ಟವೆಂಬುದನ್ನು ನಾನು ಬಲ್ಲೆ.

ಆ ಇಬ್ಬರು ಅರ್ಜಿಯನ್ನು ಒಂದು ವರ್ಷ ಮುಂದೂಡಿದರು. ಮೂವರು ರೈತರ ಗದ್ದೆಗಳಲ್ಲಿ ಇಡೀ ಮುಂಗಾರು ಸಾಧನವನ್ನು ನಿಲ್ಲಿಸಿದರು. ಎರಡು ಕಡೆ ಉಪ್ಪು ತಂತಿಯನ್ನು ತಿಂದುಹಾಕಿತು. ಅದನ್ನೂ ಹೊಸ ಅರ್ಜಿಯಲ್ಲಿ ಬರೆದಿದ್ದಾರೆ. ಫಲಿತಾಂಶ ಇನ್ನೂ ಬಂದಿಲ್ಲ.