ಖರಾಬು ಎಂದು ಬರೆದ ನೆಲ ಯಾರ ಮನೆ?

ವನ್ಯಜೀವಿಗಳ ಚಿತ್ರ ಬರೆಯಿರಿ ಎಂದರೆ ಮಕ್ಕಳು ಮೊದಲು ಮರಗಳನ್ನು ಬರೆಯುತ್ತಾರೆ. ಅವುಗಳ ನಡುವೆ ಹುಲಿ, ಆನೆ ಬರುತ್ತವೆ. ಕಾಡು ಉಳಿದರೆ ಪ್ರಾಣಿಗಳು ಉಳಿಯುತ್ತವೆ ಎಂದು ನಾವು ಶಿಕ್ಷಕರೇ ಹೇಳಿಕೊಟ್ಟಿದ್ದೇವೆ. ಮಾತು ಸರಿ, ಆದರೆ ಪೂರ್ತಿಯಲ್ಲ.

ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಮರುವರ್ಷ ಹುಲಿ ಯೋಜನೆ ಆರಂಭವಾಯಿತು. ಮೊದಲು ಆಯ್ಕೆಯಾದ ಒಂಬತ್ತು ಪ್ರದೇಶಗಳಲ್ಲಿ ನಮ್ಮ ಬಂಡೀಪುರವೂ ಒಂದು. ನಡುವೆ ಕಳ್ಳಬೇಟೆಯಿಂದ ಹಿನ್ನಡೆಯಾದರೂ, 2006ರಲ್ಲಿ 1,411 ಎಂದು ಅಂದಾಜಾಗಿದ್ದ ಹುಲಿಗಳ ಸಂಖ್ಯೆ 2022ರಲ್ಲಿ 3,682ಕ್ಕೆ ಏರಿತು. ಅವುಗಳಲ್ಲಿ 563 ಕರ್ನಾಟಕದಲ್ಲಿದ್ದವು. ಇದು ಹೆಮ್ಮೆಪಡಬೇಕಾದ ಸಾಧನೆ.

ಆದರೆ ಬಯಲಿನ ಜೀವಿಗಳ ಕಥೆಯೇ ಬೇರೆ. ಬಯಲಲ್ಲಿ ಓಡಿ ಬೇಟೆಯಾಡುತ್ತಿದ್ದ ಚೀತಾ ನಮ್ಮಲ್ಲಿ ನಿರ್ನಾಮವಾಯಿತೆಂದು 1952ರಲ್ಲೇ ಘೋಷಿಸಲಾಯಿತು. ಮತ್ತೆ ಚೀತಾಗಳನ್ನು ನೋಡಲು 2022ರಲ್ಲಿ ನಮೀಬಿಯಾದಿಂದ ತರಬೇಕಾಯಿತು. ಇನ್ನು ಎರೆಭೂತ ಹಕ್ಕಿ. ಗಂಡು ಹಕ್ಕಿ 15 ಕಿಲೋಗ್ರಾಂವರೆಗೂ ತೂಗಬಲ್ಲದು. ಹಾರುವ ಹಕ್ಕಿಗಳಲ್ಲೇ ಅತಿ ಭಾರವಾದವುಗಳಲ್ಲಿ ಇದೂ ಒಂದು. ಪಕ್ಷಿತಜ್ಞ ಸಲೀಂ ಅಲಿ ಅವರು ರಾಷ್ಟ್ರಪಕ್ಷಿ ಸ್ಥಾನಕ್ಕೆ ಸೂಚಿಸಿದ್ದ ಈ ಹಕ್ಕಿ ಇಂದು ಬಯಲಿನಲ್ಲಿ 200ಕ್ಕಿಂತ ಕಡಿಮೆ ಉಳಿದಿದೆ. ಅವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಕಂಡುಬಂದಿವೆ.

ಏಕೆ ಹೀಗಾಯಿತು? ಬೇಟೆ ಒಂದು ಕಾರಣ. ನೆಲೆ ಕಳೆದುಹೋದದ್ದು ಇನ್ನೊಂದು. ಎರೆಭೂತ ನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ದೂರದವರೆಗೆ ಕಣ್ಣು ಹಾಯುವ ಹುಲ್ಲು ಬಯಲೇ ಅದಕ್ಕೆ ಬೇಕು. ಕೃಷ್ಣಮೃಗವೂ ಹಾಗೆಯೇ, ಶತ್ರುವನ್ನು ದೂರದಿಂದ ಕಂಡು, ಓಡಿ ಪಾರಾಗುತ್ತದೆ. ಅಂಥ ಬಯಲನ್ನು ನಾವು ಖರಾಬು, ಬೀಳು, ಬಂಜರು ಎಂದು ಕರೆದೆವು. ಕೆಲಸಕ್ಕೆ ಬಾರದ ನೆಲವೆಂದು ಉತ್ತೆವು, ಕಟ್ಟಡ ಕಟ್ಟಿದೆವು, ವಿದ್ಯುತ್ ತಂತಿ ಎಳೆದೆವು. ಭಾರವಾದ ಎರೆಭೂತ ಹಾರುವಾಗ ತಂತಿಯನ್ನು ಹತ್ತಿರದಿಂದ ಕಂಡರೂ ತಟ್ಟನೆ ತಿರುಗಲಾರದು. ಡಿಕ್ಕಿ ಹೊಡೆದು ಸಾಯುತ್ತದೆ.

ಉಳಿದ ಕಡೆ ಒಳ್ಳೆಯ ಮನಸ್ಸಿನಿಂದಲೇ ಗಿಡ ನೆಟ್ಟೆವು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು. ಹಿಂದೆ ಅಲ್ಲಿ ಎರೆಭೂತವೂ ಇತ್ತು. ಆದರೆ ಅಭಯಾರಣ್ಯದ ದೊಡ್ಡ ಭಾಗದಲ್ಲಿ ಇರುವುದು ನೀಲಗಿರಿ ನೆಡುತೋಪು. ಮರ ಹೆಚ್ಚಾದಂತೆ ಹುಲ್ಲು ಕಡಿಮೆಯಾಗುತ್ತದೆ, ಬಯಲಿನ ಪ್ರಾಣಿಗೆ ಜಾಗ ಇಲ್ಲವಾಗುತ್ತದೆ.

ಹಾಗಾದರೆ ಗಿಡ ನೆಡಬಾರದೇ? ಖಂಡಿತ ನೆಡಬೇಕು. ಶಾಲೆಯ ಆವರಣ, ರಸ್ತೆಯ ಬದಿ, ಹೊಲದ ಬದು, ಮರ ಕಡಿದು ಬರಿದಾದ ಕಾಡು ಇವೆಲ್ಲ ಸೂಕ್ತ ಜಾಗಗಳು. ಆದರೆ ವನಮಹೋತ್ಸವಕ್ಕೆ ಮಕ್ಕಳನ್ನು ಊರ ಗೋಮಾಳಕ್ಕೆ ಕರೆದೊಯ್ಯುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇಲ್ಲಿ ಈಗಾಗಲೇ ಯಾರು ವಾಸವಾಗಿದ್ದಾರೆ?

ಇದಕ್ಕೆ ಉತ್ತರ ಹುಡುಕುವುದೇ ಒಂದು ಒಳ್ಳೆಯ ವಿಜ್ಞಾನ ಚಟುವಟಿಕೆ. ಮಳೆಗಾಲದ ಮೊದಲೊಮ್ಮೆ, ನಂತರ ಮತ್ತೊಮ್ಮೆ ಹೋಗಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ದಾರದ ಚೌಕ ಹಾಕಿ, ಅದರೊಳಗಿನ ಹುಲ್ಲಿನ ಬಗೆಗಳನ್ನೂ ಕೀಟಗಳನ್ನೂ ಎಣಿಸಿ. ನೆಲದಲ್ಲಿ ಗೂಡು ಮಾಡುವ ಹಕ್ಕಿಗಳನ್ನು ದೂರದಿಂದಲೇ ಗಮನಿಸಿ. ಕುರಿ ಕಾಯುವ ಹಿರಿಯರನ್ನು ಮಾತನಾಡಿಸಿ. ತೋಳ, ನರಿ, ಮೊಲಗಳ ವಿಷಯ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಬಯಲನ್ನೂ ಉಳಿಸಲು ಸಾಧ್ಯವೆಂಬುದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅದರ ವಿಸ್ತೀರ್ಣ ಸುಮಾರು 800 ಎಕರೆ ಮಾತ್ರ. ಇಂಥ ಸಣ್ಣ ಬಯಲುಗಳು ಇನ್ನೂ ಹಲವು ಊರುಗಳಲ್ಲಿವೆ. ಮುಂದಿನ ಐವತ್ತು ವರ್ಷಗಳ ಸಂರಕ್ಷಣೆ ಕಾಡಿನ ಬೇಲಿಯ ಆಚೆಗೂ ನಡೆಯಬೇಕು. ಅದಕ್ಕೆ ಮೊದಲು ಮಕ್ಕಳ ಚಿತ್ರದಲ್ಲಿ ಹುಲ್ಲಿಗೂ ಜಾಗ ಸಿಗಲಿ.